ಹತ್ತನೆಯ ಚಿತ್ರ

ಕಾಲುಚೀಲದ ತೂತು ಬಲಗಾಲಿನಲ್ಲಿದೆಯೋ ಎಡಗಾಲಿನಲ್ಲಿದೆಯೋ ಎಂಬುದು, ಕಾರು ಹತ್ತಿ ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ವಾಸನೆ ಹಿಂದೆ ಬಿದ್ದ ಮೇಲೂ ಚಂದ್ರಣ್ಣನಿಗೆ ಬಗೆಹರಿಯಲಿಲ್ಲ. ಶೂ ಒಳಗೇ ಹೆಬ್ಬೆರಳು ಆಡಿಸಿ ನೋಡಿದ. ಎರಡೂ ಕಡೆ ಬಟ್ಟೆ ತಾಗಿದಂತೆಯೂ ಇತ್ತು, ತಾಗದಂತೆಯೂ ಇತ್ತು. ಪಕ್ಕದಲ್ಲಿ ಪ್ರೇಮಲತಾ ಕೂತಿದ್ದಳು. ಒಂದು ಕಾಲದಲ್ಲಿ ಅವನ ಪಿಯುಸಿ ಭೌತಶಾಸ್ತ್ರದ ಪಾಠಕ್ಕೆ ಕಿಟಕಿ ಪಕ್ಕದ ಬೆಂಚಿನಲ್ಲಿ ಕೂತು ತೂಕಡಿಸುತ್ತಿದ್ದವಳು ಈಗ ದನ ಮೇಯುವ ಕಾವಲಿನಲ್ಲಿ ಎದ್ದ ಹೊಸ ಸಂಶೋಧನಾ ಕೇಂದ್ರದಲ್ಲಿ ಜನಸಂಪರ್ಕದ ಕೆಲಸ ನೋಡಿಕೊಳ್ಳುತ್ತಾಳೆ. ಹೊರಡುವಾಗಲೇ ಅವಳು, "ಹಾಲ್‌ಗೆ ಹೊಸ ಕಾರ್ಪೆಟ್ ಹಾಕಿದಾರೆ ಸಾರ್, ಶೂ ಹೊರಗೇ ಬಿಡ್ಬೇಕಾಗುತ್ತೆ" ಎಂದು ನಗುತ್ತಾ ಹೇಳಿದ್ದಳು. ಆಗಿನಿಂದ ಅವನಿಗೆ ಕಾಲುಚೀಲದ್ದೇ ಯೋಚನೆ. ಸಾರ್ವಕಾಲಿಕ ಶ್ರೇಷ್ಠ ಹತ್ತು ವೈಜ್ಞಾನಿಕ ಕಥಾಚಿತ್ರಗಳನ್ನು ಆರಿಸಲು ಹೊರಟವನು ನಾನು ಎಂದು ತನಗೆ ತಾನೇ ಹೇಳಿಕೊಂಡ. ಆರಿಸಿದ ಚಿತ್ರಗಳನ್ನು ದೊಡ್ಡಉಳ್ಳಾರ್ತಿಯ ಸುತ್ತಮುತ್ತಲ ಹಟ್ಟಿಗಳ ಜನಕ್ಕೆ ದೊಡ್ಡ ಪರದೆಯ ಮೇಲೆ ತೋರಿಸುತ್ತಾರಂತೆ. ಕೇಂದ್ರದವರು ಮಾಡಿದ ಆಯ್ಕೆ ಸಮಿತಿಯಲ್ಲಿ ಅವನ ಹೆಸರಿನ ಮುಂದೆ ಸ್ಥಳೀಯ ಸದಸ್ಯ ಎಂದಿತ್ತು. ಆ ಎರಡು ಪದಗಳನ್ನು ಮೊದಲು ಓದಿದಾಗ ಎದೆ ಉಬ್ಬಿತ್ತು. ಎರಡನೆಯ ಸಲ ಓದಿದಾಗ ಸ್ವಲ್ಪ ಇಳಿದಿತ್ತು. ಬೆಳಿಗ್ಗೆ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ ಹೆಂಡತಿ ಮಾಲತಿ ಮಾತ್ರ ಇದ್ಯಾವುದನ್ನೂ ಲೆಕ್ಕಕ್ಕಿಡದೆ, "ಗೇಟಿನ ವಿಷ್ಯ ಮೊದ್ಲು ಕೇಳ್ರಿ. ಸಿನಿಮಾ ಆಮೇಲೆ ಇದ್ದೇ ಐತೆ" ಎಂದಿದ್ದಳು. ಕೇಳದೆ ಬಿಡ್ತೀನಾ ಎಂದು ಅವನು ಸಿಡುಕಿದ್ದ. ಸಿಡುಕಿದ್ದು ಯಾಕೆಂದು ಈಗ ಅನ್ನಿಸಿತು.

ಗೇಟಿನ ವಿಷಯ ಇಷ್ಟೇ. ಅವನ ಅಣ್ಣ ದೊಡ್ಡೀರಪ್ಪ ಮೊಳಕಾಲ್ಮೂರು ಕಡೆಯ ಅವರ ಹಟ್ಟಿಯಲ್ಲಿ ದೇವರ ಎತ್ತುಗಳನ್ನು ಕಾಯುವ ಕಿಲಾರಿ. ದೇವರ ಎತ್ತೆಂದರೆ ನೊಗಕ್ಕೆ ಕಟ್ಟದ, ಮಾರದ, ಯಾರೂ ಹೊಡೆಯದ ಎತ್ತು. ಅವುಗಳ ಕಿಲಾರಿಯಾದವನು ಮನೆ ಕಟ್ಟುವಂತಿಲ್ಲ, ಕಾಲಿಗೆ ಚಪ್ಪಲಿ ಹಾಕುವಂತಿಲ್ಲ, ಅವು ಮೇಯುವ ಕಡೆ ಹೋಗಿ ಅವು ಮಲಗುವ ರೊಪ್ಪದಲ್ಲೇ ಮಲಗಬೇಕು. ಯುಗಾದಿಯಾದ ಮೇಲೆ ಆ ಗುಂಪಿನ ಮುಂದೆ ನಡೆಯುವ ಮುಂದೆತ್ತು ಸತ್ತುಹೋಯಿತು. ಹಟ್ಟಿಯವರು ಸೇರಿ ಇನ್ನೊಂದನ್ನು ಮುಂದೆತ್ತೆಂದು ನಿಲ್ಲಿಸಿದರು. ಆದರೆ ನಿಲ್ಲಿಸಿದರಷ್ಟೇ ಸಾಲದು. ಹಿರಿಯರ ಕಾಲದಿಂದ ಕಾವಲಿನ ಒಳಗಿರುವ ಕಲ್ಲುಕುಂಟೆ ಎಂಬ ಹೊಂಡದ ನೀರನ್ನು ಅದು ಒಂದು ಸಲ ಕುಡಿಯಬೇಕು. ಅಲ್ಲಿಯವರೆಗೆ ಅದು ದೇವರದ್ದಲ್ಲ, ಬರೀ ಎತ್ತು. ಅಲ್ಲಿಯವರೆಗೆ ಕಿಲಾರಿಗೂ ಒಂದೇ ಹೊತ್ತು ಊಟ. ಕಲ್ಲುಕುಂಟೆ ಈಗ ಕೇಂದ್ರದ ಗೋಡೆಯ ಒಳಗಿದೆ. ಹೋದ ಭಾನುವಾರ ಚಂದ್ರಣ್ಣ ಹಟ್ಟಿಗೆ ಹೋದಾಗ ರೊಪ್ಪದ ಬೇಲಿಯಾಚೆ ಶೂ ಬಿಚ್ಚಿಟ್ಟು ಒಳಗೆ ಬಂದಿದ್ದ. ದೊಡ್ಡೀರಪ್ಪನ ಕೊರಳಿನ ಮೂಳೆ ಎದ್ದು ಕಾಣುತ್ತಿತ್ತು. "ನೀನು ಒಳಗೆ ಹೋಗ್ತೀಯಂತಲ್ಲ ಚಂದ್ರ. ಅಲ್ಲಿರೋ ದೊಡ್ಡೋರ್ನ ಒಂದ್ ಮಾತು ಕೇಳು. ಒಂದ್ ಸಲ ಗೇಟು ತೆಗೆದ್ರೆ ಸಾಕು, ಬಾಯಿ ಮುಟ್ಸಿ ಕರ್ಕಂಡು ಬಂದ್ಬಿಡ್ತೀನಿ. ಸಗಣಿ ಬಿದ್ರೂ ನಾನೇ ಎತ್ತಾಕ್ತೀನಿ" ಎಂದಿದ್ದ. ಕೊನೆಯ ಮಾತು ಚಂದ್ರಣ್ಣನನ್ನು ಚುಚ್ಚಿತ್ತು. ಆಯಿತು ಬಿಡು ಎಂದಿದ್ದ. "ನೀನು ಹೋಗೋ ದಿನ ಎತ್ತು ಹೊಡ್ಕಂಡು ಗೇಟಿನ ತಾವ ಬಂದಿರ್ತೀನಿ" ಎಂದು ದೊಡ್ಡೀರಪ್ಪ ಹೇಳಿದಾಗ, ಬೇಡ, ಮೊದಲು ಕೇಳಿ ನೋಡುತ್ತೇನೆ ಎನ್ನಬೇಕಿತ್ತು. ಅನ್ನಲಿಲ್ಲ.

"ನೀವು ಎಷ್ಟು ನೋಡಿರಬಹುದು ಸಾರ್, ಈ ಥರದ ಸಿನಿಮಾ?" ಎಂದು ಪ್ರೇಮಲತಾ ಕೇಳಿದಳು. ಲೆಕ್ಕವಿಟ್ಟಿಲ್ಲವಮ್ಮ ಎಂದ. ನಿಜಕ್ಕೂ ಇಟ್ಟಿರಲಿಲ್ಲ. ಮೊದಲು ಪ್ರಯೋಗಾಲಯದ ಗೋಡೆಯ ಮೇಲೆ ಹುಡುಗರಿಗೆ ತೋರಿಸುವ ನೆಪದಲ್ಲಿ, ಆಮೇಲೆ ಯಾವ ನೆಪವೂ ಇಲ್ಲದೆ ಕಿವಿಗೆ ತಂತಿ ಸಿಕ್ಕಿಸಿಕೊಂಡು ಫೋನಿನಲ್ಲಿ, ವರ್ಷಗಟ್ಟಲೆ ನೋಡಿದ್ದ. ಕಣ್ಣೀರು ಹಾಕುವ ಯಂತ್ರಗಳು, ಕಾಲದಲ್ಲಿ ಹಿಂದಕ್ಕೆ ಹೋಗಿ ಸ್ವಂತ ತಾಯಿಯನ್ನೇ ಹುಡುಗಿಯಾಗಿ ಕಂಡ ಗಂಡಸರು, ನಕ್ಷತ್ರಗಳಾಚೆ ಭಾರೀ ಸದ್ದು ಮಾಡಿಕೊಂಡು ಹೋಗಿ ಕೊನೆಗೆ ಅಪ್ಪನನ್ನು ನೆನೆದು ಕಣ್ಣೊರೆಸಿಕೊಳ್ಳುವ ವೀರರು. ಇತ್ತೀಚೆಗೆ ಎಲ್ಲವೂ ಬೇಸರ ತರಿಸುತ್ತಿದ್ದವು. ಕೊನೆಯ ಗಳಿಗೆಯಲ್ಲಿ ಯಾರೋ ಬಂದು ಕಾಪಾಡುವುದು ಶುರುವಾದರೆ ಫೋನು ಮಗುಚಿಡುತ್ತಿದ್ದ. ಅನ್ಯಗ್ರಹದವರು ಯಾವಾಗಲೂ ದೊಡ್ಡ ಊರುಗಳಲ್ಲೇ ಇಳಿಯುವುದೂ ಅವನಿಗೆ ವಿಚಿತ್ರವೆನ್ನಿಸುತ್ತಿತ್ತು. ಇಳಿಯಲು ಇಷ್ಟಗಲ ಬಯಲು ಚಳ್ಳಕೆರೆ ಕಾವಲಿನಲ್ಲಿ ಇರುವಾಗ, ಗಾಜಿನ ಕಟ್ಟಡಗಳ ನಡುವೆ ಹೋಗಿ ಸಿಕ್ಕಿಹಾಕಿಕೊಳ್ಳುವುದೇಕೆ? ಇದನ್ನು ಒಮ್ಮೆ ತರಗತಿಯಲ್ಲಿ ಹೇಳಿದಾಗ ಹುಡುಗರು ನಕ್ಕಿದ್ದರು. ಆಗಿನ್ನೂ ಗೋಡೆ ಬಂದಿರಲಿಲ್ಲ. ಹಾಗಾದರೆ ಶ್ರೇಷ್ಠ ಯಾವುದು? ನೋಡುವಾಗ ಬಾಯಿ ತೆರೆಸುವಂಥದ್ದೋ, ನೋಡಿ ಎಷ್ಟೋ ಕಾಲವಾದ ಮೇಲೆ ತೆಂಗಿನಕಾಯಿ ಒಡೆಯುವಾಗಲೋ ಬಸ್ಸಿಗೆ ಕಾಯುವಾಗಲೋ ಸುಮ್ಮನೆ ಎದುರಿಗೆ ಬಂದು ನಿಲ್ಲುವಂಥದ್ದೋ? ಎದುರಿಗೆ ಬಂದು ನಿಲ್ಲುವಂಥದ್ದು ಅವನಿಗೆ ಒಂದೇ ಒಂದಿತ್ತು. ಅದರ ಹೆಸರು ಅವನಿಗೆ ಗೊತ್ತಿರಲಿಲ್ಲ.

ನಾಯಕನಹಟ್ಟಿ ರಸ್ತೆ ಬಿಟ್ಟು ಕಾರು ಹೊಸ ಡಾಂಬರಿಗೆ ತಿರುಗಿತು. ಎಡಗಡೆ ಗೋಡೆ ಶುರುವಾಯಿತು, ಮುಗಿಯಲೇ ಇಲ್ಲ. ಬಲಗಡೆ ಒಣಗಿದ ಹುಲ್ಲು, ಅಲ್ಲಲ್ಲಿ ಜಾಲಿ. ಗೇಟು ಕಾಣುವಷ್ಟರಲ್ಲಿ ಅವನಿಗೆ ಮೊದಲು ಎತ್ತುಗಳು ಕಂಡವು, ಆಮೇಲೆ ಅಣ್ಣ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಯಾರನ್ನೂ ಹೊಡೆಯದ ಕೋಲು, ಡಾಂಬರು ಬಿಟ್ಟು ಮಣ್ಣಿನ ಮೇಲೆ ಬರಿಗಾಲು. ಹೊಸ ಮುಂದೆತ್ತಿನ ಕೊಂಬಿಗೆ ಅರಿಸಿನದ ಬಟ್ಟೆ ಕಟ್ಟಿದ್ದ. ಕೇಳುವ ಮೊದಲೇ ಕಟ್ಟಿಬಿಟ್ಟಿದ್ದಾನೆ ಎಂದು ಚಂದ್ರಣ್ಣನಿಗೆ ಸಿಟ್ಟು ಬಂತು. ಕಾರು ನಿಧಾನವಾಯಿತು. ಚಾಲಕ ಹಾರನ್ ಒತ್ತಿದ. ದೊಡ್ಡೀರಪ್ಪ ಎತ್ತುಗಳನ್ನು ಬದಿಗೆ ಸರಿಸಿ, ಕಪ್ಪು ಗಾಜಿನ ಕಡೆ ಕಣ್ಣು ಕಿರಿದು ಮಾಡಿ ನೋಡಿದ. ಒಳಗೆ ತಣ್ಣಗಿತ್ತು. ಸ್ವಲ್ಪ ನಿಲ್ಲಿಸಪ್ಪ ಎನ್ನಲು ಚಂದ್ರಣ್ಣ ಬಾಯಿ ತೆರೆದ. ಅಷ್ಟರಲ್ಲಿ ಪ್ರೇಮಲತಾ, "ಪಾಪ, ಬಿಸಿಲಲ್ಲಿ ಹೆಂಗೆ ನಿಂತಿದಾರೆ ನೋಡಿ" ಎಂದಳು. ಆ ಪಾಪ ಎಂಬ ಮಾತಿಗೆ ಅವನ ಬಾಯಿ ಮುಚ್ಚಿಕೊಂಡಿತು. ಅವನು ನನ್ನ ಅಣ್ಣ ಎಂದು ಆಮೇಲೆ ಹೇಳಿದರಾಯಿತು, ಗೇಟಿನ ಮಾತು ಎತ್ತುವಾಗ ಎಲ್ಲ ಸೇರಿಸಿ ಹೇಳಿದರಾಯಿತು ಎಂದುಕೊಂಡ. ಕಾವಲುಗಾರ ಅವನ ಕೊರಳಿಗೆ ಪಾಸು ಹಾಕಿದ. ಕಾರು ಒಳಗೆ ಹೋಯಿತು. ದಾರಿಯಲ್ಲಿ ಕಲ್ಲುಕುಂಟೆ ಕಂಡಿತು. ಸುತ್ತ ಕಲ್ಲಿನ ಬೆಂಚು ಹಾಕಿ, ಕಣಗಿಲೆ ಗಿಡ ನೆಟ್ಟಿದ್ದರು. ನೀರು ಇನ್ನೂ ಇತ್ತು.

ತೂತು ಎಡಗಾಲಿನದಾಗಿತ್ತು. ಹೆಬ್ಬೆರಳು ಪೂರ್ತಿ ಹೊರಗೆ ಬಂದು ಕಾರ್ಪೆಟ್ಟನ್ನು ನೋಡುತ್ತಿತ್ತು. ಚಂದ್ರಣ್ಣ ಎಡಗಾಲನ್ನು ಬಲಗಾಲಿನ ಹಿಂದೆ ಅಡಗಿಸಿಕೊಂಡು ಕೂತ. ಕೇಂದ್ರದ ಮುಖ್ಯಸ್ಥರು ಎದ್ದು ಬಂದು ಕೈ ಕುಲುಕಿದರು. ಮೈಸೂರು ಕಡೆಯವರು, ಬಿಳಿ ಕೂದಲು, ಮೆತ್ತಗಿನ ಮಾತು. ಒಳ್ಳೆಯವರೆಂದು ನೋಡಿದ ಕೂಡಲೇ ತಿಳಿಯುವಂಥ ಮುಖ, ಅದೇ ಅವನಿಗೆ ಕಷ್ಟವಾಯಿತು. ಗಡಸು ಮನುಷ್ಯನಾಗಿದ್ದರೆ ಕೇಳಿಬಿಟ್ಟು, ಇಲ್ಲವೆನ್ನಿಸಿಕೊಂಡು, ಬೈದುಕೊಂಡು ಹೋಗಬಹುದಿತ್ತು. ಯುವ ವಿಜ್ಞಾನಿ ತೇಜಶ್ರೀ ಲ್ಯಾಪ್‌ಟಾಪ್ ತೆರೆದು, ಜಗತ್ತಿನ ಬೇರೆ ಬೇರೆ ವಿಮರ್ಶಕರು ಏನೇನು ಆರಿಸಿದ್ದಾರೆಂದು ಪರದೆಯ ಮೇಲೆ ತೋರಿಸತೊಡಗಿದಳು. ಮಾತು ಬೇಗ ಬೇಗ ಇಂಗ್ಲಿಷಿಗೆ ಜಾರುತ್ತಿತ್ತು. ಅವನ ಕಡೆ ನೋಡಿದಾಗ ಮಾತ್ರ ಕನ್ನಡಕ್ಕೆ ಹತ್ತುತ್ತಿತ್ತು. ನಾನೂ ಎಂ.ಎಸ್ಸಿ. ಮಾಡಿದವನು ಎಂದು ಹೇಳಬೇಕೆನ್ನಿಸಿತು. ಗುರುತ್ವ ತಪ್ಪಾಗಿ ತೋರಿಸಿದ್ದಾರೆಂದು ಒಂದನ್ನು ಬಿಟ್ಟರು, ನಿರ್ವಾತದಲ್ಲಿ ಸ್ಫೋಟದ ಸದ್ದು ಕೇಳಿಸುತ್ತದೆಂದು ಇನ್ನೊಂದನ್ನು ಬಿಟ್ಟರು. ಅದಕ್ಕೆ ಚಂದ್ರಣ್ಣ, ಸದ್ದಿಲ್ಲದಿದ್ದರೆ ನೋಡುವವನಿಗೆ ಹೆದರಿಕೆ ಎಲ್ಲಿಂದ ಬರಬೇಕು ಎಂದು ಒಂದು ಮಾತು ಎಸೆದ. ಮುಖ್ಯಸ್ಥರು ನಕ್ಕರು, "ಅದೂ ಸರಿ" ಎಂದರು, ಚಿತ್ರ ಬಿಟ್ಟದ್ದು ಬಿಟ್ಟಂತೆಯೇ ಉಳಿಯಿತು. ಚಹಾ ಬಂತು. ಚಹಾ ಕುಡಿಯುವಾಗ ಕೇಳುತ್ತೇನೆ ಎಂದುಕೊಂಡ. ಬಿಸ್ಕತ್ತು ಚಹಾದೊಳಗೆ ಮುರಿದು ಬಿತ್ತು, ಅದನ್ನು ಎತ್ತುವುದರಲ್ಲಿ ಹೊತ್ತು ಹೋಯಿತು. ಕಿಟಕಿಯಿಂದ ಗೋಡೆಯ ಒಳಮೈ ಮಾತ್ರ ಕಾಣುತ್ತಿತ್ತು.

ಒಂಬತ್ತು ಚಿತ್ರಗಳು ಹೆಚ್ಚು ತಕರಾರಿಲ್ಲದೆ ನಿಂತವು. ಎಲ್ಲ ಚೆನ್ನಾದವೇ, ಎಲ್ಲವನ್ನೂ ಅವನು ನೋಡಿದ್ದ, ಯಾವುದಕ್ಕೂ ಬೇಡವೆನ್ನುವಂತಿರಲಿಲ್ಲ. ಆಮೇಲೆ ಮುಖ್ಯಸ್ಥರು ಕುರ್ಚಿಯನ್ನು ಅವನ ಕಡೆ ತಿರುಗಿಸಿ, "ಹತ್ತನೆಯದು ನಿಮ್ಮ ಆಯ್ಕೆ ಚಂದ್ರಣ್ಣನವರೇ. ನಿಮ್ಮ ಜನಕ್ಕೆ ಮುಟ್ಟುವಂಥದ್ದು ಹೇಳಿ" ಎಂದರು. ನಿಮ್ಮ ಜನ. ಗೇಟಿನಾಚೆ ನಿಂತವನ ನೆನಪಾಯಿತು. ಇದೇ ಸಮಯ. ಸಾರ್, ನಮ್ಮ ಜನದವನೊಬ್ಬ ಹೊರಗೆ ನಿಂತಿದ್ದಾನೆ ಎಂದು ಶುರು ಮಾಡಿದರೆ ಸಾಕು. "ಒಂದು ಹಳೆಯ ಚಿತ್ರ ಇದೆ ಸಾರ್" ಎಂದು ಅವನ ಬಾಯಿಂದ ಬಂತು. "ಹೆಸರು ಗೊತ್ತಿಲ್ಲ."

ಹೆಸರು ಗೊತ್ತಾಗುವುದಾದರೂ ಹೇಗೆ? ಅವ್ವ ಪಾತಮ್ಮ ಸೀತಾಫಲದ ಮಂಕರಿ ಹೊತ್ತು ಮೊಳಕಾಲ್ಮೂರಿನ ಸಂತೆಗೆ ಹೋಗುವಾಗ ಅಣ್ಣತಮ್ಮ ಇಬ್ಬರೂ ಬೆನ್ನು ಹತ್ತುತ್ತಿದ್ದರು. ರೇಷ್ಮೆ ಸೀರೆ ನೇಯುವವರ ಬೀದಿಯಲ್ಲಿ ಒಂದು ಮನೆಯ ಕಿಟಕಿಯೊಳಗೆ ಟಿ.ವಿ. ಇತ್ತು. ಅವತ್ತು ಮಗ್ಗದ ಸದ್ದು ನಿಂತಿದ್ದರಿಂದ ಒಳಗೇನೋ ನಡೆಯುತ್ತಿದೆಯೆಂದು ಕಿಟಕಿಗೆ ಕತ್ತು ಚಾಚಿದರು. ಕಪ್ಪುಬಿಳುಪು ಚಿತ್ರ, ಯಾವ ದೇಶದ ಮಾತೋ, ಆಗಲೇ ಅರ್ಧ ಮುಗಿದಿತ್ತು. ಆಕಾಶದ ನಡುವೆ ಒಂಟಿ ಬಂಡೆ. ಅದರ ಮೇಲೆ ದೊಡ್ಡ ದೀಪ. ದೀಪ ನೋಡಿಕೊಳ್ಳುವ ಒಬ್ಬನೇ ಮನುಷ್ಯ. ಆಕಾಶದ ಹಡಗುಗಳು ದೂರದಲ್ಲಿ ಹಾದು ಹೋಗುತ್ತವೆ, ಯಾವುದೂ ನಿಲ್ಲುವುದಿಲ್ಲ. ದೀಪದ ಯಂತ್ರ ಕಾಯದಂತೆ ಅದಕ್ಕೆ ನೀರು ಹನಿಸುತ್ತಿರಬೇಕು. ನೀರು ಕಡಿಮೆಯಾಗುತ್ತಾ ಬರುತ್ತದೆ. ಅವನು ತನ್ನ ಲೋಟದಿಂದ ಅರ್ಧ ಕುಡಿದು ಅರ್ಧ ದೀಪಕ್ಕೆ ಹಾಕುತ್ತಾನೆ. ಅಷ್ಟರಲ್ಲಿ ಕರೆಂಟು ಹೋಯಿತು. ಒಳಗಿದ್ದ ಹೆಂಗಸು, "ಹೋಗ್ರಲೇ, ಗಾಳಿ ಬಿಡ್ರಿ" ಎಂದು ಕಿಟಕಿ ಹಾಕಿಕೊಂಡಳು. ಹಟ್ಟಿಗೆ ನಡೆದು ಬರುವಾಗ ದೊಡ್ಡೀರಪ್ಪ, "ಅವನು ಕಿಲಾರಿ ಕಣ್ಲೇ ಚಂದ್ರ. ಆ ದೀಪನೇ ಅವನ ದೇವರೆತ್ತು" ಎಂದ. ಮುಂದೆ ಹಳೆಯ ಕಿಲಾರಿ ತೀರಿಕೊಂಡು, ಈ ಮನೆಯಿಂದ ಒಬ್ಬನನ್ನು ಕೊಡಬೇಕೆಂದು ದೇವರ ಅಪ್ಪಣೆಯಾದಾಗ ಅವ್ವ, "ಚಂದ್ರ ಓದ್ತಾನೆ" ಎಂದಷ್ಟೇ ಹೇಳಿದಳು. ಅವನು ಆಗ ಚಳ್ಳಕೆರೆಯ ಹಾಸ್ಟೆಲಿನಲ್ಲಿದ್ದ. ಅಣ್ಣ ಚಪ್ಪಲಿ ಬಿಟ್ಟ ಸುದ್ದಿ ಅವನಿಗೆ ರಜೆಯಲ್ಲಿ ತಿಳಿಯಿತು. ಆ ಚಪ್ಪಲಿಯನ್ನು ಅವನೇ ಹಾಕಿಕೊಂಡು ಹಾಸ್ಟೆಲಿಗೆ ಮರಳಿದ್ದ.

ಚಂದ್ರಣ್ಣ ಆ ಚಿತ್ರದ ಕಥೆ ಹೇಳಲು ಶುರು ಮಾಡಿದಾಗ ಕೂತೇ ಇದ್ದ. ಯಾವಾಗ ಎದ್ದು ನಿಂತನೋ ಅವನಿಗೇ ಗೊತ್ತಾಗಲಿಲ್ಲ. ಹೆಬ್ಬೆರಳು ಮರೆತುಹೋಗಿತ್ತು. ಬಂಡೆಯ ಮೇಲೆ ಆ ಮನುಷ್ಯ ಬರಿಗಾಲಲ್ಲಿ ಓಡಾಡುತ್ತಾನೆ ಎಂದ, ಚಿತ್ರದಲ್ಲಿ ಕಾಲು ಕಂಡಿತ್ತೋ ಇಲ್ಲವೋ. ಅವನಿಗೆ ಮನೆಯಿಲ್ಲ, ದೀಪದ ಬುಡದಲ್ಲೇ ಮಲಗುತ್ತಾನೆ. ದೀಪಕ್ಕೆ ಅವನು ಕೈ ಎತ್ತುವುದಿಲ್ಲ, ಜೋರಾಗಿ ಮಾತಾಡಿಸುವುದಿಲ್ಲ. ನೀರು ಮುಗಿಯುತ್ತಾ ಬಂದಾಗ ಒಂದು ಹೊತ್ತಿನ ಊಟ ಬಿಡುತ್ತಾನೆ. ಅವನ ಕೊರಳ ಮೂಳೆ ಏಳುತ್ತದೆ. ಹಾದು ಹೋಗುವ ಹಡಗುಗಳ ಕಿಟಕಿಗಳು ಕಪ್ಪು ಗಾಜಿನವು. ಒಳಗಿರುವವರಿಗೆ ಅವನು ಕಾಣುತ್ತಾನೆ, ಅವನಿಗೆ ಅವರು ಕಾಣುವುದಿಲ್ಲ. ಹೀಗೆ ಹೇಳುತ್ತಾ ಹೋದರೆ ಕೊನೆಯಲ್ಲಿ ತಾನಾಗಿಯೇ ಗೇಟಿನ ಬಳಿಗೆ ಬಂದು ನಿಲ್ಲುತ್ತೇನೆ, ಆ ಮನುಷ್ಯ ಈಗ ಹೊರಗೆ ನಿಂತಿದ್ದಾನೆ ಸಾರ್ ಎಂದುಬಿಡುತ್ತೇನೆ ಎಂದು ಅವನು ನಂಬಿದ್ದ. ತೇಜಶ್ರೀ ಲ್ಯಾಪ್‌ಟಾಪಿನಿಂದ ಕೈ ತೆಗೆದು ಗಲ್ಲಕ್ಕೆ ಕೊಟ್ಟುಕೊಂಡಿದ್ದಳು. ಇಷ್ಟು ವರ್ಷ ಪಾಠ ಮಾಡಿದರೂ ಇಷ್ಟು ಗಮನವಿಟ್ಟು ಅವನ ಮಾತನ್ನು ಯಾರೂ ಕೇಳಿರಲಿಲ್ಲ. ಅದು ಹಿತವಾಗಿತ್ತು. ನಾಚಿಕೆಯಾಗುವಷ್ಟು ಹಿತವಾಗಿತ್ತು. "ಕೊನೆಗೆ?" ಎಂದು ಪ್ರೇಮಲತಾ ಕೇಳಿದಳು. ಕೊನೆ ಅವನಿಗೆ ಗೊತ್ತಿರಲಿಲ್ಲ. ಕರೆಂಟು ಹೋಗಿತ್ತು. ಎಲ್ಲರ ಕಣ್ಣೂ ತನ್ನ ಮೇಲಿರುವುದನ್ನು ನೋಡಿ, "ಕೊನೆಗೆ ಒಂದು ಹಡಗು ನಿಲ್ಲುತ್ತದೆ. ನೀರು ತಂದಿರುತ್ತದೆ" ಎಂದ. ಯಾವುದನ್ನು ಕಂಡರೆ ಫೋನು ಮಗುಚಿಡುತ್ತಿದ್ದನೋ ಅದನ್ನೇ ತಾನು ಹೇಳುತ್ತಿದ್ದೇನೆಂದು ತಿಳಿದೇ ಹೇಳಿದ. ಎಲ್ಲರೂ ಉಸಿರು ಬಿಟ್ಟರು.

ಮುಖ್ಯಸ್ಥರು ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. "ಎಂಥ ಕಥೆ ಹೇಳಿದ್ರಿ! ನಾವು ಗುರುತ್ವ, ನಿರ್ವಾತ ಅಂತ ಹೊಡೆದಾಡ್ತಾ ಇದ್ವಿ. ಇದೇ ಹತ್ತನೆಯದು. ಎಲ್ಲಿದ್ದರೂ ಹುಡುಕಿ ತರಿಸೋಣ" ಎಂದರು. ತೇಜಶ್ರೀ ಏನೇನೋ ಟೈಪು ಮಾಡಿ ನೋಡಿದಳು, ಸಿಗಲಿಲ್ಲ, ಹುಡುಕ್ತೀನಿ ಸಾರ್ ಎಂದಳು. ಆಮೇಲೆ ಮುಖ್ಯಸ್ಥರು ಅವನ ಎರಡೂ ಕೈ ಹಿಡಿದುಕೊಂಡು, "ನೀವು ಇಷ್ಟು ದೂರ ಬಂದಿದ್ದೀರಿ. ನಮ್ಮಿಂದ ಏನಾದರೂ ಆಗಬೇಕಿದ್ದರೆ ಹೇಳಿ. ಸಂಕೋಚ ಬೇಡ" ಎಂದರು. ಬಾಗಿಲು ಇಷ್ಟಗಲ ತೆರೆದಿತ್ತು. ಒಂದು ಗೇಟು, ಒಂದು ಗಳಿಗೆ. ಈ ಮನುಷ್ಯ ಇಲ್ಲವೆನ್ನುವುದಿಲ್ಲ, ಅದು ಅವನಿಗೆ ಖಂಡಿತ ಗೊತ್ತಿತ್ತು. ಆದರೆ ಕೇಳಿದ ಗಳಿಗೆಯಿಂದ ಈ ಕೈಗಳು ಹೀಗೆ ಹಿಡಿದುಕೊಂಡಿರುವುದಿಲ್ಲ. ಇಷ್ಟು ಹೊತ್ತು ಕಥೆ ಹೇಳಿದ್ದು ಇದಕ್ಕೇ ಎಂದು ಇವರಿಗೆ ಅನ್ನಿಸುತ್ತದೆ, ಹೊರಗೆ ನಿಂತ ಪಾಪದವನ ತಮ್ಮ ಇವನು ಎಂದು ಪ್ರೇಮಲತಾ ತಿರುಗಿ ನೋಡುತ್ತಾಳೆ. "ಏನಿಲ್ಲ ಸಾರ್" ಎಂದ ಚಂದ್ರಣ್ಣ. "ಪರದೆ ಸ್ವಲ್ಪ ದೊಡ್ಡದಿದ್ದರೆ ಚೆನ್ನಾಗಿರುತ್ತೆ."

ಶೂ ಹಾಕಿಕೊಳ್ಳಲು ಬಗ್ಗಿದಾಗ ತಾನು ಏನು ಮಾಡಿದೆನೆಂದು ಅವನಿಗೆ ಪೂರ್ತಿ ತಿಳಿಯಿತು. ವಾಪಸು ಹೋಗಿ ಕೇಳಬಹುದಿತ್ತು. ಒಳಗಿನಿಂದ ನಗುವಿನ ಸದ್ದು ಬರುತ್ತಿತ್ತು. ಕಾರು ಕುಂಟೆಯ ಪಕ್ಕದಲ್ಲಿ ಹಾದು ಬಂತು. ಗೇಟಿನಲ್ಲಿ ಕಾವಲುಗಾರ ಪಾಸು ಬಿಚ್ಚಿಕೊಂಡ. ಹೊರಗೆ ಸ್ವಲ್ಪ ಮುಂದೆ ಹೋದ ಮೇಲೆ ಚಂದ್ರಣ್ಣ ಕಾರು ನಿಲ್ಲಿಸಲು ಹೇಳಿ ಇಳಿದ. ಈಗ ಪ್ರೇಮಲತಾ ಜೊತೆಯಲ್ಲಿರಲಿಲ್ಲ, ಆದ್ದರಿಂದ ಇಳಿಯುವುದು ಸುಲಭವಾಗಿತ್ತು. ಆ ಸುಲಭವೂ ಅವನಿಗೆ ಹೇಸಿಗೆಯೆನ್ನಿಸಿತು.

ದೊಡ್ಡೀರಪ್ಪ ಜಾಲಿಮರದ ಕೆಳಗಿನಿಂದ ಎದ್ದು ಬಂದ. "ಏನಂದ್ರು?"

"ಮೀಟಿಂಗು ಉದ್ದ ಆಯ್ತಣ್ಣ."

"ಆಗ್ಲಿ. ದೊಡ್ಡೋರ ಮೀಟಿಂಗು ಅಂದ್ರೆ ಹಂಗೇ. ಏನ್ ಮಾತಾಡಿದ್ರಿ?"

"ಸಿನಿಮಾ ಆರಿಸಿದ್ವಿ." ಚಂದ್ರಣ್ಣ ತನ್ನ ಶೂ ನೋಡಿಕೊಂಡ. "ಆವಾಗ ಮೊಳಕಾಲ್ಮೂರಾಗೆ ನೋಡಿದ್ವಲ್ಲ, ದೀಪದೋನದು. ಅದ್ನೂ ಹೇಳ್ದೆ."

ದೊಡ್ಡೀರಪ್ಪನ ಮುಖ ಅರಳಿಬಿಟ್ಟಿತು. ಹಸಿದ ಮುಖ ಅಷ್ಟು ಅರಳಿದ್ದು ಚಂದ್ರಣ್ಣನಿಗೆ ನೋಡಲಾಗಲಿಲ್ಲ. "ಕಿಟಕ್ಯಾಗೆ ನೋಡಿದ್ದಾ? ಲೇ, ಅದಿನ್ನೂ ನೆಪ್ಪೈತಾ ನಿಂಗೆ? ಕರೆಂಟು ಹೋಯ್ತಲ್ಲ. ನಾನು ಎಷ್ಟೋ ದಿನ ಅದ್ನೇ ಯೋಚ್ನೆ ಮಾಡ್ತಿದ್ದೆ. ಒಳಗೆ ಓದ್ಕಂಡೋರು ಇರ್ತಾರಲ್ಲ, ಅವ್ರಿಗೆ ಗೊತ್ತಿರ್ಬೇಕು. ಕೊನೀಗೆ ಅವನ ತಾವ ಯಾರಾನಾ ಬಂದ್ರಂತಾ?"

ಹಡಗಿನ ಮಾತು ಬಾಯಿಯ ತನಕ ಬಂತು. ಅರಿಸಿನದ ಬಟ್ಟೆ ಕಟ್ಟಿದ ಎತ್ತು ಗೇಟಿನ ಕಡೆಗೇ ಮುಖ ಮಾಡಿ ನಿಂತಿತ್ತು. "ಬಂದ್ರು" ಎಂದ ಚಂದ್ರಣ್ಣ.

"ಯಾರು?"

"ಅವನ ತಮ್ಮ."

"ಹೌದಾ?" ದೊಡ್ಡೀರಪ್ಪ ಎತ್ತಿನ ಗಂಗೆದೊಗಲು ಸವರಿದ. "ನೀರು ತಂದಿದ್ನಾ?"

"ಇಲ್ಲ."

"ಮತ್ಯಾಕ್ ಬಂದಿದ್ನಂತೆ?" ಎಂದ.

ಕುಟುಕಬೇಕೆಂದು ಕೇಳಿದ ಮಾತಲ್ಲ. ಅವನಿಗೆ ನಿಜವಾಗಿಯೂ ತಿಳಿಯಬೇಕಿತ್ತು. ಚಂದ್ರಣ್ಣ ಗೇಟಿನ ಕಡೆ ನೋಡಿದ. ಅಣ್ಣ ಅವನ ಮುಖವನ್ನೇ ನೋಡುತ್ತಿದ್ದವನು ನಿಧಾನವಾಗಿ ಕಣ್ಣು ಕೆಳಗೆ ಮಾಡಿದ. ಸಿನಿಮಾದ ಮಾತು ಸಿನಿಮಾದ್ದಲ್ಲವೆಂದು ಅವನಿಗೆ ಗೊತ್ತಾಗಿತ್ತು. ಎತ್ತಿನ ಕೊಂಬಿನಿಂದ ಅರಿಸಿನದ ಬಟ್ಟೆ ಬಿಚ್ಚಿ, ಮಡಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡ. "ಹೋಗ್ಲಿ ಬಿಡು. ಬಿಸ್ಲಾಗೆ ನಿಂತ್ಕಬ್ಯಾಡ, ನಿನ್ ಕಾರು ಕಾಯ್ತೈತೆ" ಎಂದು ಹೇಳಿ, "ರಾ ನಾಯ್ನಾ, ರಾ" ಎಂದು ಹಟ್ಟಿಯ ತೆಲುಗಿನಲ್ಲಿ ಕರೆದು ಎತ್ತುಗಳನ್ನು ಬಂದ ದಾರಿಗೆ ತಿರುಗಿಸಿದ. ಅವು ಅವನ ದನಿಗೆ ಒಂದೊಂದಾಗಿ ತಿರುಗಿದವು. ಮುಂದೆತ್ತಲ್ಲದ ಮುಂದೆತ್ತು ಕೊನೆಯಲ್ಲಿ ತಿರುಗಿತು.

ಚಂದ್ರಣ್ಣ ಕಾರನ್ನು ಕಳಿಸಿಬಿಟ್ಟು ಗೇಟಿಗೆ ನಡೆದ. "ಮುಖ್ಯಸ್ಥರನ್ನ ನೋಡ್ಬೇಕಿತ್ತು" ಎಂದ.

"ನೀವು ಈಗ್ಲೇ ಹೊರಗೆ ಹೋದ್ರಲ್ಲ ಸಾರ್" ಎಂದ ಕಾವಲುಗಾರ. "ಪಾಸು?"

"ಇಲ್ಲ."

"ಹಂಗಾದ್ರೆ ಬಿಡಂಗಿಲ್ರಿ. ಮೀಟಿಂಗಿಗೆ ಅಂತ ಬರ್ಕೊಟ್ಟಿದ್ರು, ಮೀಟಿಂಗು ಮುಗೀತು. ಸಾಹೇಬ್ರು ಸಂಜೀಗೆ ಈ ಕಡೆ ಬರ್ತಾರೆ. ಬೇಕಂದ್ರೆ ಅಲ್ಲಿ ಕಾಯ್ರಿ." ಅವನು ಕೈ ತೋರಿಸಿದ ಕಡೆ ಎತ್ತುಗಳು ತುಳಿದ ಮಣ್ಣು ಇತ್ತು, ಸಗಣಿ ಬಿದ್ದಿತ್ತು. ಅಣ್ಣ ಬೆಳಗಿನಿಂದ ನಿಂತಿದ್ದ ಜಾಗ. ಚಂದ್ರಣ್ಣ ಫೋನು ತೆಗೆದು ಪ್ರೇಮಲತಾಳ ಹೆಸರು ನೋಡಿ ಮತ್ತೆ ಜೇಬಿಗಿಟ್ಟ. ಫೋನಿನಲ್ಲಿ ಕೇಳಿದರೆ ಮತ್ತೆ ಪರದೆಯ ಮಾತೇ ಆಡಿಬಿಡುತ್ತೇನೆಂದು ಭಯವಾಯಿತು. ಶೂ ಬಿಚ್ಚಿದ, ತೂತಿನ ಕಾಲುಚೀಲವನ್ನೂ ಬಿಚ್ಚಿ ಅದರೊಳಗೆ ತುರುಕಿದ. ಮಣ್ಣು ಕಾದು ಸುಡುತ್ತಿತ್ತು. ದೂರದಲ್ಲಿ ಎತ್ತುಗಳ ಧೂಳು ಇನ್ನೂ ಕಾಣುತ್ತಿತ್ತು. ಅವನು ಒಂದು ಕಾಲು ಬಿಟ್ಟು ಇನ್ನೊಂದು ಕಾಲಿನ ಮೇಲೆ ಭಾರ ಹಾಕುತ್ತಾ ಗೇಟಿನ ಕಡೆ ಮುಖ ಮಾಡಿ ನಿಂತ.